ಸೋಮವಾರ ಒರೆಸಿದ ಹಲಗೆ ನೆಲ

ಸಿರುಗುಪ್ಪದ ಬಸ್ ಸ್ಟ್ಯಾಂಡ್ ಪಕ್ಕದ ಖಾನಾವಳಿಯಲ್ಲಿ ಉಂಡು ಮೈಲಾರಪ್ಪ ಹೊರಟಾಗ ಭಾನುವಾರ ರಾತ್ರಿ ಹನ್ನೆರಡಾಗುತ್ತ ಬಂದಿತ್ತು. ಮೈಲಾರಪ್ಪ ಅಂದರೆ ಬಾದನಹಟ್ಟಿಯವನು, ನಮ್ಮ ಚಿಕ್ಕಪ್ಪನ ಮಗ. ಬಾಗಿಲು, ಕಂಬ, ಕಟ್ಟಿಗೆಯ ನೆಲ ಇವಕ್ಕೆಲ್ಲ ಪಾಲಿಶ್ ಮಾಡುವವನು. ಸುಳ್ಳು ಹೇಳುವ ಜಾಯಮಾನ ಅವನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವನು ಮಲಗುತ್ತಿದ್ದದ್ದು ಅಕ್ಕಿ ಗಿರಣಿ ಹಾಲಸಿದ್ದಪ್ಪನವರ ಹಳೇ ಮನೆಯ ಕಟ್ಟೆಯ ಮೇಲೆ. ಆ ಮನೆಯ ಮಹಡಿಯಲ್ಲಿ ದೊಡ್ಡ ಪಡಸಾಲೆ, ನೆಲವೆಲ್ಲ ತೇಗದ ಹಲಗೆ. ಶುಕ್ರವಾರ ಅಲ್ಲಿಯೇ ಅವರ ಮಗಳು ಸೌಂದರ್ಯಳ ನಿಶ್ಚಿತಾರ್ಥ. ಮೈಲಾರಪ್ಪ ನಾಲ್ಕು ದಿನ ಕೂತು ಹಳೇ ವಾರ್ನಿಷ್ ಕೆರೆದು, ಉಜ್ಜಿ ಉಜ್ಜಿ ಹಲಗೆಗಳನ್ನು ಬರಿಮೈ ಮಾಡಿದ್ದ. ಸೋಮವಾರ ಬೆಳಿಗ್ಗೆ ಕುಸುಬೆ ಎಣ್ಣೆ ಕುಡಿಸಬೇಕು. ಅದು ಆರಲು ಮೂರು ದಿನ ಬೇಕು. ಒಂದು ದಿನವೂ ಹೆಚ್ಚಿಗೆ ಇರಲಿಲ್ಲ.

ಹಲಗೆ ಹಸಿಯಿದ್ದರೆ ಕತೆ ಮುಗಿದಂತೆ. ಹೋದ ವರ್ಷ ಬಳ್ಳಾರಿಯ ಒಂದು ಮನೆಯಲ್ಲಿ ಅವಸರಕ್ಕೆ ಬಿದ್ದು ಹಸಿ ಹಲಗೆಯ ಮೇಲೇ ವಾರ್ನಿಷ್ ಎಳೆದಿದ್ದ. ಎರಡು ತಿಂಗಳಲ್ಲಿ ನೆಲ ಹಪ್ಪಳದ ಹಾಗೆ ಉಬ್ಬಿತು. ಆ ಮಾತು ಕುರುಗೋಡಿನ ತನಕ ಬಂತು. ವರ್ಷಪೂರ್ತಿ ಯಾರೂ ಕರೆಯಲಿಲ್ಲ. ಇದೂ ಕೆಟ್ಟರೆ ಕಸುಬಿಗೆ ಕೈಮುಗಿದು ಗಿರಣಿಯಲ್ಲಿ ಮೂಟೆ ಹೊರಬೇಕಿತ್ತು.

ಹಾಗಾಗಿ ಅವನಿಗೆ ದೆವ್ವಕ್ಕಿಂತ ನೀರಿನ ಭಯ ಜಾಸ್ತಿ. ಆ ಮನೆಯಲ್ಲಿ ಸೋಮವಾರ ಬಂತೆಂದರೆ ಬೆಳಕು ಹರಿಯುವ ಮುಂಚೆ ಮೇಲೂ ಕೆಳಗೂ ನೀರು ಹಾಕಿ ಒರೆಸುವ ಪದ್ಧತಿ. ಪೂಜೆ ಏನಿದ್ದರೂ ಆಮೇಲೆ. ಯಜಮಾನಿ ಚನ್ನವೀರಮ್ಮನವರಿಗೆ ಅವನು ಎರಡೂ ಕೈ ಜೋಡಿಸಿ ಹೇಳಿದ್ದ, ಈ ಸೋಮವಾರ ಮಹಡಿಯಲ್ಲಿ ಒಂದು ಹನಿ ಬೀಳಬಾರದು ಅಂತ. ಅವರು ನಕ್ಕು, ಮಹಡಿಯ ಕೀಲಿಯನ್ನೇ ಅವನ ಕೈಗೆ ಕೊಟ್ಟಿದ್ದರು.

ಕೀಲಿ ಜೇಬಿನಲ್ಲಿತ್ತು. ಓಣಿಯಲ್ಲಿ ದೀಪ ಇರಲಿಲ್ಲ. ಮನೆಯ ಹಿಂದಿನ ಬಾವಿ ದಾಟಬೇಕು...

ಕಿರ್ರ್... ಕಿರ್ರ್...

ರಾಟೆ ತಿರುಗುವ ಸದ್ದು. ಹಿಂದೆಯೇ ಕೊಡ ಮುಳುಗುವ ಬುಡುಬುಡು. ಮೈಲಾರಪ್ಪ ನಿಂತ. ಆ ಬಾವಿಗೆ ಕಬ್ಬಿಣದ ಜಾಲರಿ ಬೆಸೆದು ಹತ್ತು ವರ್ಷವಾಗಿತ್ತು. ರಾಟೆ ಯಾವತ್ತೋ ಗುಜರಿಗೆ ಹೋಗಿತ್ತು. ಹತ್ತಿರ ಹೋಗಿ ಮೊಬೈಲ್ ಬೆಳಕು ಬಿಟ್ಟ. ಜಾಲರಿ ಹಾಗೇ ಇತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಲ್ಲಿಂದ ಮನೆಯ ತನಕ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಬೇಕು ಅನ್ನುವಷ್ಟರಲ್ಲಿ ತಲೆಯ ಮೇಲೆ...

ಚಪ್. ಸರ್ರ್... ಚಪ್. ಸರ್ರ್...

ಒದ್ದೆ ಬಟ್ಟೆ ನೆಲಕ್ಕೆ ಬಡಿಯುವ, ಎಳೆಯುವ ಸದ್ದು. ಬೀಡಿ ಅಲ್ಲೇ ಬಿತ್ತು. ಮೆಟ್ಟಿಲು ಹತ್ತಿ ಓಡಿದ. ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಕೀಲಿ ಮೂರು ಸಲ ಜಾರಿತು, ನಾಲ್ಕನೇ ಸಲಕ್ಕೆ ಬೀಗ ಬಿಟ್ಟಿತು.

ಕಿಟಕಿಯಿಂದ ಬೆಳದಿಂಗಳು ಬಿದ್ದಿತ್ತು. ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಬಾಗಿಲಿಗೆ ಬೆನ್ನು ಮಾಡಿ, ಹಿಂದೆ ಹಿಂದೆ ಸರಿಯುತ್ತ ನೆಲ ಒರೆಸುತ್ತಿದ್ದಳು. ಬೇರೆ ಯಾರಾಗಿದ್ದರೂ ಒಂದೇ ನೆಗೆತಕ್ಕೆ ಓಣಿಯಲ್ಲಿರುತ್ತಿದ್ದರು. ಇವನ ಕಣ್ಣಿಗೆ ಮೊದಲು ಬಿದ್ದದ್ದು ಹಲಗೆ. ಅರ್ಧ ಪಡಸಾಲೆ ನೀರಲ್ಲಿ ಹೊಳೆಯುತ್ತಿತ್ತು.

"ಅವ್ವಾ... ನೀರು ಬ್ಯಾಡ," ಅಂದ.

ಬಟ್ಟೆ ನಿಂತಿತು. ಅವಳು ತಿರುಗಲಿಲ್ಲ.

"ಸೋಮಾರ ಐತಿ."

"ಹಲಗಿ ಉಬ್ತಾವ... ನನ್ನ ಹೆಸರು ಹೋಗ್ತೈತಿ ಅವ್ವಾ."

ಬಟ್ಟೆಯಿಂದ ತೊಟ್... ತೊಟ್...

"ಮತ್ತ ಎದರಲೆ ಒರಸಲಿ?"

"ಕುಸುಬಿ ಎಣ್ಣಿಲೆ. ವರ್ಷಕ್ಕೊಮ್ಮಿ ಸಾಕು."

ಅವಳು ಕೂತಲ್ಲೇ ಕೂತಳು. ಮೈಲಾರಪ್ಪ ಒಣ ಬಟ್ಟೆ ಹಿಡಿದು ಮೊಣಕಾಲೂರಿದ. ಒರೆಸಿದ, ಕಿಟಕಿಯಾಚೆ ಹಿಂಡಿದ, ಮತ್ತೆ ಒರೆಸಿದ. ಅವಳ ಪಕ್ಕದ ಹಲಗೆಯನ್ನೂ ಬಿಡಲಿಲ್ಲ, ತಲೆ ಮಾತ್ರ ಎತ್ತಲಿಲ್ಲ. ಭಯಕ್ಕೆ ಅಳು ಬಂದು, ಕಣ್ಣೀರು ಹಲಗೆಗೆ ಬೀಳದಿರಲಿ ಅಂತ ತೋಳಿಗೆ ಮುಖ ಒರೆಸಿಕೊಳ್ಳುತ್ತಿದ್ದನಂತೆ. ಮಸೀದಿಯ ಬೆಳಗಿನ ಬಾಂಗು ಕೇಳಿಸಿದಾಗ ಪಡಸಾಲೆಯಲ್ಲಿ ಅವನೊಬ್ಬನೇ ಇದ್ದ.

ಬೆಳಕಾದ ಮೇಲೆ ಹಲಗೆ ಹಲಗೆಗೂ ಅಂಗೈ ಒತ್ತಿ ನೋಡಿದ. ಎಲ್ಲ ಒಣಗಿ ಬೆಚ್ಚಗಿತ್ತು. ಅವನು ಒರೆಸಿದ ಬಟ್ಟೆಗಳು ಮಾತ್ರ ತೊಪ್ಪೆಯಾಗಿದ್ದವು. ಈಗ ಅಂಗೈ ನಂಬುವುದೋ ಬಟ್ಟೆ ನಂಬುವುದೋ? ಒಂದು ಗಾಜಿನ ಲೋಟವನ್ನು ಹಲಗೆಯ ಮೇಲೆ ಬೋರಲಿಟ್ಟು ಕಾದ. ಒಳಗೆ ಹಸಿಯಿದ್ದರೆ ಗಾಜು ಬೆವರಬೇಕು. ಕೆಳಗಿನಿಂದ ಹಾಲಸಿದ್ದಪ್ಪನವರು ಎರಡು ಸಲ ಕೂಗಿದರು, ಇನ್ನೂ ಶುರು ಮಾಡಿಲ್ಲವೇನೋ ಅಂತ. ಹತ್ತು ಗಂಟೆಯಾದರೂ ಗಾಜು ಬೆವರಲಿಲ್ಲ. ಬಸವಣ್ಣನ ಮೇಲೆ ಭಾರ ಹಾಕಿ ಎಣ್ಣೆ ಸುರಿದ.

ಶುಕ್ರವಾರ ಅದರ ಮೇಲೆ ನೂರು ಜನ ಕೂತರು. ಮಳೆಗಾಲ ಕಳೆಯಿತು, ಒಂದು ಹಲಗೆಯೂ ಏಳಲಿಲ್ಲ. ಮೈಲಾರಪ್ಪನಿಗೆ ಬಳ್ಳಾರಿಯಿಂದಲೇ ಮತ್ತೆ ಕರೆ ಬರತೊಡಗಿತು. ಆ ರಾತ್ರಿಯ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಾರನೇ ವರ್ಷ ಎಣ್ಣೆ ಹಾಕಲು ಹೋದಾಗ ನಾನೂ ಜೊತೆಗಿದ್ದೆ. ಭಾನುವಾರ ಸಂಜೆ ಎಣ್ಣೆಯ ಡಬ್ಬಿಯನ್ನೂ ಮೂರು ಹೊಸ ಬಟ್ಟೆಗಳನ್ನೂ ಮಹಡಿಯಲ್ಲಿಟ್ಟು, ಬೀಗ ಹಾಕಿ, ಇಬ್ಬರೂ ಕಟ್ಟೆಯ ಮೇಲೆ ಮಲಗಿದೆವು. ಬೆಳಿಗ್ಗೆ ಬೀಗ ತೆಗೆದರೆ ಡಬ್ಬಿ ಖಾಲಿ. ನೆಲ ಮೂಲೆಮೂಲೆಗೂ ಒಂದೇ ಸಮನೆ ಎಣ್ಣೆ ಕುಡಿದಿತ್ತು.

ಇನ್ನೊಂದು ಮಾತು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳುತ್ತದೆ. ಪಾಲಿಶಿನವರು ಅದನ್ನು ಬಿಡಿಸಿ ಹರವುತ್ತಾರೆ. ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ ಅಂತ ಮೈಲಾರಪ್ಪ ಇವತ್ತಿಗೂ ಆಣೆ ಮಾಡುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು... ಮೂರು ಬಟ್ಟೆಗಳೂ ಕಿಟಕಿಯ ಸರಳಿನ ಮೇಲೆ, ತುದಿ ಎಳೆದು, ಬಿಡಿಬಿಡಿಯಾಗಿ ಹರವಿದ್ದವು.