ಬಿಲ್ಲೆ ಯಾರ ಕೈಲಿದೆ

...ಬೇಡ, ಬಾಗಿಲು ತೆರೆದೇ ಇರಲಿ. ಇಡೀ ತರಗತಿಯ ಎದುರಿಗೆ ಬಾಯಿಗೆ ಬೀಗ ಹಾಕ್ಕೊಂಡು ನಿಂತವಳಿಗೆ ಪಕ್ಕದ ಕೋಣೆಯ ನಾಲ್ಕು ಜನರ ಮುಂದೆ ಎಂಥ ನಾಚಿಕೆ, ಹುಲ್ಕರ್? ಕೇಳಿಸಿಕೊಳ್ಳಲಿ. ವಿಭಾಗದ ಹಿರಿಯ ತೋಹಿರ್ ಅಣ್ಣನೂ ಕೇಳಿಸಿಕೊಳ್ಳಲಿ, ಆ ಉಪ್ಪು ಹಾಕಿದ ಜರ್ದಾಳು ಬೀಜಗಳನ್ನ ಕಟುಂ ಕಟುಂ ಅಂತ ಒಡೀತಾ. ಬರ್ತಿದೆಯಲ್ಲ ಸದ್ದು? ನಿನ್ನ ನೌಕರಿ ಉಳಿಯುತ್ತೋ ಇಲ್ಲವೋ ಅಂತ ನಿರ್ಧಾರ ಮಾಡೋಕೇ ಅವರೆಲ್ಲ ಅಲ್ಲಿ ಕೂತಿರೋದು. ನಾನು ಎದ್ದು ಹೋಗಿ ಒಂದು ಮಾತು ಹೇಳಬೇಕು. ಇರಲಿ ಅಂದ್ರೆ ಇರ್ತೀಯ. ಬೇಡ ಅಂದ್ರೆ... ಕೂತ್ಕೋ.

ಚಹಾ ಬಗ್ಗಿಸು. ಯಾಕೆ ಹಾಗೆ ನೋಡ್ತೀಯ, ನಾನು ಬಗ್ಗಿಸಲಾ? ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನೋ ನೀನೋ? ಕೆಟಲು ಚಿಕ್ಕವರ ಕೈಲೇ ಇರಬೇಕು... ಸಾಕು, ಸಾಕು! ಬಟ್ಟಲಿನ ತಳ ಮುಚ್ಚಿದರೆ ಸಾಕು. ನಿಮ್ಮೂರು ಕೊಕಾಂದಿನಲ್ಲಿ ನಿಮ್ಮಮ್ಮ ಇಷ್ಟೂ ಕಲಿಸಲಿಲ್ವಾ? ನಿನಗಿಂತ ಮುಂಚೆ ಈ ಕುರ್ಚಿಯಲ್ಲಿ ಇಲ್ಹೋಮ್ ಅಂತ ಒಬ್ಬ ಕೂರ್ತಿದ್ದ. ಅವನಿಗೆ ನಾನು ಹೊರಡು ಅಂತ ಬಾಯಿಬಿಟ್ಟು ಹೇಳಲೇ ಇಲ್ಲ. ಅಂಚಿನವರೆಗೂ ತುಂಬಿದ ಬಟ್ಟಲು ಮುಂದಿಟ್ಟೆ. ನೋಡಿದ. ಬೆವೆತ. ಕುಡಿದ, ಎದ್ದ, ಹೋದ. ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಒಳ್ಳೇ ಮನೆತನದ ಹುಡುಗ. ತುಂಬಿದ ಬಟ್ಟಲು ಕೊಟ್ಟರೆ ಏನರ್ಥ ಅಂತ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮನೆತನ ಅಂದ್ರೆ ಅದು. ನಮ್ಮಮ್ಮ ಜೀವಮಾನದಲ್ಲಿ ತನ್ನ ಕೋಟನ್ನು ತಾನೇ ಗೂಟಕ್ಕೆ ಹಾಕಿದವಳಲ್ಲ, ಗೊತ್ತಾ? ಒಳಗೆ ಬರೋಳು, ಭುಜ ಸಡಿಲಿಸೋಳು, ಹಿಂದೆ ಆಳಿನ ಕೈ ಇರ್ತಿತ್ತು. ಹಿಂದಕ್ಕೆ ತಿರುಗಿ ಸಹ ನೋಡ್ತಿರಲಿಲ್ಲ... ಏನು? ಯಾಕೆ ತಲೆ ಎತ್ತಿದೆ? ನಿನ್ನ ಹತ್ತಿರ ನಮ್ಮಮ್ಮನ ವಿಷಯ ಯಾಕೆ ಹೇಳ್ತಿದೀನೋ. ಪಾಠಕ್ಕೆ ಬರೋಣ.

ಬಹಿರಂಗ ಪಾಠ! ನಾವೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೀವಿ, ಅಳೆದು ತೂಗೋಕೆ. ವಿಷಯವೋ, ಮೊದಲ ವರ್ಷದ ಮಕ್ಕಳಿಗೂ ಬರೋಂಥದ್ದು. ಪ್ರೋಗ್ರಾಮಿನಲ್ಲಿ ಆಬ್ಜೆಕ್ಟು ಹುಟ್ಟುವಾಗ ಅದಕ್ಕೆ ಮೆಮೊರಿಯಲ್ಲಿ ಜಾಗ ಹೇಗೆ ಸಿಗುತ್ತೆ. ಚೆನ್ನಾಗೇ ಶುರು ಮಾಡಿದೆ, ಇಲ್ಲ ಅನ್ನಲ್ಲ. ರಂಗಮಂದಿರ, ಕೋಟು ಇಡೋ ಕೋಣೆ, ಗೂಟ, ಹಿತ್ತಾಳೆ ಬಿಲ್ಲೆ... ಅಷ್ಟರಲ್ಲಿ ಆ ಕನ್ನಡಕದ ಹುಡುಗಿ ಎದ್ದು, ಇದು ಮಸ್ತುರಾ ದೋಮ್ಲಾ ಪುಸ್ತಕದಲ್ಲಿ ಇರೋದೇ ಅಲ್ವಾ, ಸಾಲಿಗೆ ಸಾಲು, ಅಂದಳು. ಹೌದಮ್ಮ, ನಮ್ಮ ಗುರುಗಳ ಪುಸ್ತಕದ್ದೇ ಅಂದಿದ್ರೆ ಮುಗೀತಿತ್ತು! ಓದೋವಾಗ ದೋಮ್ಲಾ ದೋಮ್ಲಾ ಅಂತ ನನ್ನ ಹಿಂದೆ ಮುಂದೆ ಸುತ್ತಿದವಳಲ್ವಾ ನೀನು? ಗುರು ಅನ್ನೋ ಆ ಮಾತು ಇವತ್ತು ಎಲ್ಲಿ ಹೋಗಿತ್ತು? ಸೀಮೆಸುಣ್ಣ ಹಿಡ್ಕೊಂಡು ನನ್ನ ಕಡೆ ತಿರುಗಿದೆ. ನೋಡಿದೆ. ಸುಮ್ಮನೆ ನೋಡಿದೆ! ಹುಡುಗರೆಲ್ಲ ಕಿಸಕ್ ಅಂದ್ರು, ಕದ್ದವಳು ಸಿಕ್ಕಿಬಿದ್ದಳು ಅಂತ. ಯಾಕೆ ನೋಡಿದೆ?

ಹೇಳಲ್ಲ. ಸರಿ. ಮೂಕಿಗೆ ಮಾತು ಕಲಿಸೋದೂ ನನ್ನ ಕರ್ಮ. ನಾನೇ ಹೇಳ್ತೀನಿ, ಪಾಠ ಅಂದ್ರೆ ಹೇಗಿರಬೇಕು ಅಂತ ಆಚೆಯವರೂ ಕೇಳಲಿ.

ಪ್ರೋಗ್ರಾಮು ಹೊಸ ಆಬ್ಜೆಕ್ಟೊಂದನ್ನು ಬೇಡುತ್ತದೆ. ಅದರೊಳಗೆ ಏನೇನು ಇರಬೇಕೋ ಅಷ್ಟನ್ನೂ ಹಿಡಿಸುವಷ್ಟು ಜಾಗವನ್ನು ಮೆಮೊರಿಯ ವಿಶಾಲವಾದ ಭಾಗವೊಂದರಲ್ಲಿ ಹುಡುಕಿ, ಹಳೆಯದನ್ನೆಲ್ಲ ಒರೆಸಿ, ಅಲ್ಲಿ ಅದನ್ನು ನೆಲೆಗೊಳಿಸಲಾಗುತ್ತದೆ. ಕೇಳಿದವನ ಕೈಗೆ ಬರುವುದು ಆಬ್ಜೆಕ್ಟಲ್ಲ, ಅದರ ವಿಳಾಸ ಮಾತ್ರ. ರಂಗಮಂದಿರಕ್ಕೆ ಬಂದವನು ಕೋಟು ಕೊಡುತ್ತಾನೆ. ಕೋಟು ಒಳಗೆ ಗೂಟದಲ್ಲಿ ತೂಗುತ್ತದೆ. ಅವನ ಜೇಬಿನಲ್ಲಿರುವುದು ಸಂಖ್ಯೆ ಕೊರೆದ ಪುಟ್ಟ ಬಿಲ್ಲೆ. ಕೋಟು ಭಾರ, ಬಿಲ್ಲೆ ಹಗುರ. ಇನ್ನೊಬ್ಬನ ಹೆಸರಿಗೆ ವಹಿಸಿಕೊಟ್ಟಾಗ ನಕಲಾಗುವುದು ಬಿಲ್ಲೆಯೇ ಹೊರತು ಕೋಟಲ್ಲ. ಇಬ್ಬರ ಜೇಬಿನಲ್ಲೂ ಬಿಲ್ಲೆ, ಗೂಟದಲ್ಲಿ ಒಂದೇ ಕೋಟು. ಒಬ್ಬ ತೋಳು ಹರಿದರೆ ಇನ್ನೊಬ್ಬನಿಗೂ ಹರಿದ ಕೋಟೇ... 

ಯಾಕೆ ನಗ್ತೀಯ?

ನಕ್ಕೆ. ತುಟಿ ಅಲುಗಿತು, ನಾನು ಕಂಡೆ. ಹೆಸರು ಎರಡು, ವಸ್ತು ಒಂದೇ ಅಂದ್ರೆ ಅದರಲ್ಲಿ ನಗೋದೇನು ಬಂತು? ಮುಂದಕ್ಕೆ ಕೇಳು, ಮುಂದಿನದು ನಿನಗೇ ಬೇಕಾದದ್ದು. ಯಾರ ಕೈಯಲ್ಲೂ ಬಿಲ್ಲೆ ಇಲ್ಲದ ಕೋಟು ಏನಾಗುತ್ತೆ? ನಾಟಕ ಮುಗಿದ ಮೇಲೆ ಕೋಟಿನ ಕೋಣೆಯವಳು ಸಾಲುಸಾಲಾಗಿ ನೋಡ್ಕೊಂಡು ಬರ್ತಾಳೆ. ಯಾರೂ ಕೇಳದಿದ್ದನ್ನ ಎಳೆದು ಹಾಕ್ತಾಳೆ. ಕೋಟನ್ನ ಕೇಳ್ತಾಳಾ, ಏನಮ್ಮ, ನಿನಗೆ ಹೋಗೋ ಮನಸ್ಸಿದೆಯಾ ಅಂತ? ಗೂಟ ಖಾಲಿ ಆಗಬೇಕು, ಅಷ್ಟೆ.

ಈಗ ಹೇಳು, ಈ ವಿಭಾಗದಲ್ಲಿ ನಿನ್ನ ಬಿಲ್ಲೆ ಯಾರ ಕೈಲಿದೆ? ತೋಹಿರ್ ಅಣ್ಣನ ಕೈಲಾ? ಅವರಿಗೆ ನಿನ್ನ ಹೆಸರೂ ನೆಟ್ಟಗೆ ಬರಲ್ಲ, ಆ ಕೊಕಾಂದಿನ ಹುಡುಗಿ ಅಂತಾರೆ. ನಿನ್ನನ್ನ ಇಲ್ಲಿಗೆ ತಂದವಳು ನಾನು. ನಿನ್ನ ಪದವಿ ಪ್ರಬಂಧ ತಿದ್ದಿದವಳು ನಾನು. ಅದಾ? ಅದು ಎಲ್ಲಿದೆ ಈಗ, ಹಳೇದನ್ನೆಲ್ಲ ರದ್ದಿಗೆ ಹಾಕಿಸಿದೆ, ಕಪಾಟಿನಲ್ಲಿ ಜಾಗ ಬೇಕಿತ್ತು. ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ. ನಾನು ಹೀಗೆ ಬೆರಳು ಬಿಚ್ಚಿದರೆ... ನೋಡು, ಹೀಗೆ... ಠಣ್! ಬಿಲ್ಲೆ ನೆಲಕ್ಕೆ. ಆಮೇಲೆ ಕೊಕಾಂದಿಗೆ ಬಸ್ಸು ಹತ್ತು. ಮದುವೆಮನೆಗಳಲ್ಲಿ ಪ್ಲೋವ್ ಅನ್ನಕ್ಕೆ ಕ್ಯಾರೆಟ್ಟು ಹೆಚ್ಚೋಕೆ ಹೆಂಗಸರು ಬೇಕಂತೆ, ಕೈ ಚುರುಕಿದ್ದರೆ ಸಾಕು, ಬಾಯಿ ಬೇಕಾಗಿಲ್ಲ.

ಅಳು ಬಂದರೆ ಅಳು. ಬರಲ್ವಾ? ಕಲ್ಲು.

ನಾನೇನು ಪ್ರಾಣ ಕೇಳ್ತಿದೀನಾ? ಆಚೆ ಕೋಣೆಗೆ ಹೋಗಿ ಕೈಕಟ್ಟಿ ನಿಂತು, ಆ ಉದಾಹರಣೆ ದೋಮ್ಲಾ ಅವರದ್ದು, ಹೇಳೋದು ಮರೆತೆ, ಕ್ಷಮಿಸಿ ಅನ್ನು. ಅಷ್ಟೇ. ನಾಳೆಯೂ ಈ ಕುರ್ಚಿ ನಿನ್ನದೇ. ಅವರೆಲ್ಲ ಅದಕ್ಕೇ ಕಾಯ್ತಿದಾರೆ... ಯಾಕೆ, ಅದು ನನ್ನದಲ್ಲವಾ? ಪುಸ್ತಕದ ಬಿಡುಗಡೆ ದಿನ ವೇದಿಕೆ ಮೇಲೆ ನಿಂತು ಹೇಳಿದೀನಿ, ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಚಿಕ್ಕವಳಿದ್ದಾಗ ಸಂಜೆಗಳನ್ನ ನಾನು ಕಳೆದದ್ದೇ ಆ ಗೂಟಗಳ ಕೆಳಗೆ. ನೆತ್ತಿಯ ಮೇಲೆ ಕೋಟಿನ ತೋಳುಗಳು ತೂಗ್ತಿದ್ವು. ಹಿಮದಲ್ಲಿ ನೆನೆದ ಉಣ್ಣೆಯ ವಾಸನೆ. ಗೋಡೆಯಾಚೆ ನಾಟಕದವರ ಕೂಗು, ಈಚೆ ನನ್ನ ಲೆಕ್ಕದ ಪುಸ್ತಕ. ಅಮ್ಮ ಕೌಂಟರಿನ ಹಿಂದೆ ನಿಂತು...

ಏನು.

ಏನದು ನೋಟ? ಅಮ್ಮ... ಹೌದು, ನಮ್ಮಮ್ಮ. ಆಗಲೇ ಏನೋ ಹೇಳಿದೆ, ಆಳು ಅಂತ... ಅದು ಬೇರೆ ಕಾಲ. ಅದಕ್ಕೂ ಮುಂಚೆ ಕಷ್ಟದ ದಿನ ಬಂದಿತ್ತು ನಮಗೂ. ಯಾರಿಗೆ ಬರಲ್ಲ? ಕೇಳೋದಿದ್ದರೆ ಕೇಳು, ಹಾಗೆ ಬಾವಿಗೆ ಇಣುಕಿದ ಹಾಗೆ ನೋಡಬೇಡ! ಎಲ್ಲಾ ಹೇಳಬಲ್ಲೆ ನಾನು. ನಾಟಕ ಮುಗಿದ ಮೇಲೆ ಅಮ್ಮ ಬಿಲ್ಲೆಗಳನ್ನೆಲ್ಲ ದಾರಕ್ಕೆ ಪೋಣಿಸೋಳು, ನಾನು ದಾರದ ತುದಿ ಹಿಡ್ಕೊಂಡಿರ್ತಿದ್ದೆ. ಪೋಣಿಸಿ ಪೋಣಿಸಿ ಅವಳ ಬೆರಳು ಹಿತ್ತಾಳೆ ನಾರೋದು. ಅದೇ ಬೆರಳಿಂದ ನನಗೆ ರೊಟ್ಟಿ ಮುರಿದು ಕೊಡೋಳು. ಸಾಲದಾ? ಇನ್ನೇನು ಬೇಕು ನಿನಗೆ? ಕೌಂಟರಿನ ಮರ ಯಾವುದು ಅಂತನಾ? ದಾರದ ಬಣ್ಣ ಯಾವುದು ಅಂತನಾ? ಕೆಂಪು. ಕೆಂಪು ದಾರ... ಮತ್ತೆ ನಕ್ಕೆ! ನೀಲಿನಾ? ನನಗೆ ಹೇಗೆ ಗೊತ್ತಿರಬೇಕು, ಬಣ್ಣ ನೀನು ಬರೆದೇ ಇರಲಿಲ್ಲವಲ್ಲ!

...

ಅಲ್ಲ.

ನಾನು ಹೇಳಿದ್ದು ಬೇರೆ. ಪುಸ್ತಕದಲ್ಲಿ ಬರೆದಿಲ್ಲ... ನಾನು ಬರೆದಿಲ್ಲ ಅಂತ. ನಾನು. ಬಾಯಿ ತಪ್ಪಿತು. ವಯಸ್ಸಾಯ್ತಲ್ಲ, ಮಗಳೇ. ನಿನಗೂ ವಯಸ್ಸಾಗುತ್ತೆ. ಯಾರಿಗಾದರೂ ಬಾಯಿ ತಪ್ಪುತ್ತೆ...

ಬೀಜ ಒಡೆಯೋ ಸದ್ದು ಯಾಕೆ ನಿಂತಿತು?

ತೋಹಿರ್ ಅಣ್ಣ? ...ತೋಹಿರ್ ಅಣ್ಣ!

ಬಾಗಿಲು ಹಾಕು, ಹುಲ್ಕರ್. ತೆರೆದಿಡು ಅಂದವಳು ನಾನೇ, ಗೊತ್ತು, ಈಗ ಹಾಕು ಅಂತಿದೀನಿ. ಹಾಕು! ಇಲ್ಲವಾ, ಏನಾದ್ರೂ ಮಾತಾಡು. ಕೂಗಾಡು. ಕಳ್ಳಿ ಅನ್ನು, ಬಾಯಿಗೆ ಬಂದದ್ದು ಅನ್ನು. ಅಂದ್ರೆ ತಿರುಗಿ ಹೇಳೋಕೆ ನನ್ನ ಹತ್ತಿರ ಮಾತಿದೆ. ಹೀಗೆ ಸುಮ್ಮನೆ ಕೂತರೆ ನಾನು ಯಾತಕ್ಕೆ ಉತ್ತರ ಕೊಡಲಿ?

ಕೆಟಲು ಯಾಕೆ ಎತ್ತಿಕೊಂಡೆ? ನನಗೆ ಬೇಡ. ಬೇಡ ಅಂದೆ... ಆಯ್ತು, ಬಗ್ಗಿಸು, ತಳ ಮುಚ್ಚೋಷ್ಟು. ಸಾಕು. ಸಾಕಮ್ಮ. ಹುಲ್ಕರ್, ಸಾಕು ಅಂದೆನಲ್ಲ... ಇದು ನನ್ನ ಕೋಣೆ... ಬಾಗಿಲಲ್ಲಿ ಎಲ್ಲರೂ ನಿಂತಿದಾರೆ, ಅವರ ಎದುರಿಗೆ ಬೇಡ, ತಾಯಿ... ನಿಲ್ಲಿಸು...

ಅಂಚಿಗೆ ಬಂತು.