ಗಣಿಯೊಳಗೆ ಕೂಗಿದವನು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಗಣಿ ದುರಂತಗಳ ಇತಿಹಾಸ ಬರೆದ ಟೀಚರಮ್ಮನವರೇ, ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುತ್ತಿರುವ ನನ್ನ ಹಳೆಯ ಜೊತೆಗಾರರೇ, ಸಭಿಕರೇ,

ಪುಸ್ತಕದ ಬಗ್ಗೆ ಎರಡು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಒಳ್ಳೆಯ ಪುಸ್ತಕವೇ. ಹಿಂದೆ ಗಣಿಯಲ್ಲಿ ಅನಿಲ ಹೊತ್ತಿಕೊಂಡಾಗ, ಚಾವಣಿ ಕುಸಿದಾಗ ವರದಿಗಳಲ್ಲಿ ಏನಿರುತ್ತಿತ್ತು? ಇಷ್ಟು ಜನ ಸತ್ತರು, ಇಷ್ಟು ಕಲ್ಲಿದ್ದಲು ನಷ್ಟವಾಯಿತು. ಟೀಚರಮ್ಮ ಹಾಗೆ ಮಾಡಿಲ್ಲ. ಮನೆಮನೆಗೆ ಹೋಗಿ, ಸತ್ತವರು ಹೇಗೆ ನಗುತ್ತಿದ್ದರು ಎಂದೂ ಕೇಳಿ ಬರೆದಿದ್ದಾರೆ. ನೀರು ನುಗ್ಗಿದ ದಿನಕ್ಕೆ ಒಂದು ಅಧ್ಯಾಯವೇ ಇದೆ. ಅದರ ತುಂಬ ನನ್ನ ತಮ್ಮ. ನಾನೂ ಇದ್ದೇನೆ: “ಅಣ್ಣ ಬದುಕುಳಿದರು.” ಅಷ್ಟೇ. ನಗಬಹುದು, ತಮಾಷೆಗೇ ಹೇಳಿದ್ದು.

ಸತ್ತ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ನೋಡಿದ್ದೀರಾ? ಮೈಕಿನ ಮುಂದೆ ನಿಂತಿದ್ದಾನೆ, ನೋಡಿ. ಈ ಸಭಾಂಗಣಕ್ಕೆ ಅವನ ಹೆಸರು. ಬಾಗಿಲಲ್ಲಿ ಅವನ ಫೋಟೋ, ತಲೆ ತುಂಬ ಕೂದಲು. ಅದರಲ್ಲಿ ಅವನು ಹಾಕಿಕೊಂಡಿರುವ ಅಂಗಿ ನನ್ನದು, ಕೇಳದೆ ತೆಗೆದುಕೊಂಡದ್ದು. ಅಮ್ಮನ ಕಾಲು ಒತ್ತುತ್ತಿದ್ದವನು ನಾನು. ಅಮ್ಮ ಆಡುತ್ತಿದ್ದದ್ದು ಅವನ ಮಾತು.

ಅಂದು ನಡೆದದ್ದೇನು? ಪಕ್ಕದ ಪಾಳು ಗಣಿಯ ಗೋಡೆ ಒಡೆದು ನಮ್ಮ ಕಡೆಗೆ ನೀರು ನುಗ್ಗಿತು. ಪುಸ್ತಕದಲ್ಲಿರುವಂತೆ, ನನ್ನ ತಮ್ಮ ಲಿಫ್ಟ್ ಹತ್ತದೆ ಒಳಗಿನ ಸುರಂಗಕ್ಕೆ ಓಡಿ, ಅಲ್ಲಿದ್ದವರಿಗೆ ಬೇರೆ ದಾರಿಯಲ್ಲಿ ಹೊರಗೆ ಹೋಗಿ ಎಂದು ಕೂಗಿದ. ಕತ್ತಲು. ಸೊಂಟದವರೆಗೆ ನೀರು. ಕೂಗಿ ಕೂಗಿ ಗಂಟಲು ಕಟ್ಟಿತು. ತಿರುಗಿ ನೋಡಿದರೆ ಬಂದ ದಾರಿಯೇ ಮುಳುಗಿತ್ತು. ಹಳೆಯ ಏಣಿಯೊಂದು ಕೈಗೆ ಸಿಕ್ಕಿತು, ಹತ್ತಿ ಬಂದೆ.

ಹೌದು, “ಬಂದೆ” ಎಂದೆ. ಬಾಯಿ ತಪ್ಪಿತು, ಮಾತು ನಿಜ. ಕೂಗಿದವನು ನಾನು.

ನಮ್ಮಿಬ್ಬರ ದನಿ ಒಂದೇ ಥರ. ಆ ಸುರಂಗದಿಂದ ಪಾರಾದವರು ಮನೆಗೆ ಬಂದು, ನಮ್ಮನ್ನು ಉಳಿಸಿದ್ದು ನಿಮ್ಮ ಚಿಕ್ಕ ಮಗ ಎಂದರು. ಗೋಡೆಗೆ ಮುಖ ಮಾಡಿ ಮಲಗಿದ್ದ ಅಮ್ಮ ಎದ್ದು ಕೂತಳು. ನನ್ನನ್ನೇ ನೋಡಿ ಕೇಳಿದಳು: “ಹೌದೇನೋ?”

“ಹೌದಮ್ಮ,” ಎಂದೆ.

ಮಗ ಹೋದ ಮೇಲೆ ಅವಳು ಮೊದಲ ಸಲ ಊಟ ಮಾಡಿದ್ದು ಅವತ್ತು. ಆಮೇಲೆ ಹೇಗೆ ಬಾಯಿ ಬಿಡಲಿ?

ಈಗ ಅಮ್ಮ ಇಲ್ಲ. ಟೀಚರಮ್ಮ, ತಿದ್ದಿಕೊಳ್ಳಿ. ಆದರೆ ತಮ್ಮನ ಬಗ್ಗೆ ಇದನ್ನೂ ಬರೆಯಿರಿ. ಕೊನೆಯ ಲಿಫ್ಟಿನಲ್ಲಿದ್ದವರು ಅವನ ತೋಳು ಹಿಡಿದು ಒಳಗೆ ಎಳೆದರಂತೆ. ಅವನು ಕೊಸರಿಕೊಂಡು, “ಅಣ್ಣ ಬರಲಿ,” ಎಂದನಂತೆ. ಅಣ್ಣ ಆಗಲೇ ಬೇರೆ ಕಡೆಯಿಂದ ಮೇಲೆ ಬಂದಿದ್ದ. ಅದು ಅವನಿಗೆ ಗೊತ್ತಾಗಲಿಲ್ಲ.

ಕೂಗಿದವನು ಎಂಬ ಹೆಸರನ್ನು ಇವತ್ತು ಅವನಿಂದ ವಾಪಸ್ ತೆಗೆದುಕೊಂಡೆ. ಹೊಟ್ಟೆಕಿಚ್ಚು ಮಾತ್ರ ಹೋಗುತ್ತಿಲ್ಲ, ಸಭಿಕರೇ. ನಾನು ಕೂಗಿ ಓಡಿದೆ. ಅವನು ನಿಂತ. ಹಾಗೆ ನಿಲ್ಲುವುದು ನನ್ನಿಂದ ಆಗುತ್ತಿತ್ತೇ?

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.