ಅತ್ತೆ ಪಾಸು ಮಾಡಿದ ಪ್ಯಾಡು

ಔಷಧಿ ಅಂಗಡಿಯ ಸಾಲಿನಲ್ಲಿ ಟೀಚರಮ್ಮನ ಮುಂದೆ ಇಬ್ಬರಿದ್ದರು: ಬಸ್ ಓಡಿಸುವ ಸೊಸೆ, ಅವಳ ಅತ್ತೆ. ಬೇಡವೆಂದರೂ ಟೀಚರಮ್ಮನ ಕಿವಿ ಅತ್ತಲೇ ನೆಟ್ಟಿತು.

"ಹೊಸ ಕಂಪನಿ ಪ್ಯಾಡ್ ಬೇಡ ಅತ್ತೆ. ಹೋದ್ಸಲದ್ದು ತೊಡೆಯೆಲ್ಲ ತರಚಿಬಿಡ್ತು. ದಿನವಿಡೀ ಸೀಟಲ್ಲಿ ಕೂತಿರೋಳು ನಾನು."

"ಇದು ತರಚಲ್ಲ ಕಣೆ. ಅಂಚು ಮೆತ್ತಗಿದೆ."

"ಪ್ಯಾಕೆಟ್ ಮೇಲೆ ಎಲ್ಲರೂ ಹಂಗೇ ಬರೀತಾರೆ."

"ಪ್ಯಾಕೆಟ್ ಯಾರು ಓದಿದ್ರು? ಒಂದು ತರಿಸಿ ನಿನ್ನೆ ನಾನೇ ಹಾಕ್ಕೊಂಡಿದ್ದೆ."

"ನೀವಾ? ನಿಮಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು!"

"ಮುಟ್ಟು ನಿಂತ್ರೆ ಚರ್ಮ ಸತ್ತುಹೋಗುತ್ತಾ? ಸಂಜೆವರೆಗೂ ಆ ಮರದ ಕುರ್ಚಿ ಬಿಟ್ಟು ಏಳಲಿಲ್ಲ. ಒಂಚೂರೂ ಉರಿ ಇಲ್ಲ. ಸೋರುತ್ತಾ ಅನ್ನೋದು ಮಾತ್ರ ನೀನೇ ನೋಡ್ಬೇಕು. ಮೊದಲು ರಜೆ ದಿನ ಹಾಕ್ಕೋ."

"ಅದಕ್ಕೇನಾ ನಿನ್ನೆ ಮಾವ ಅಡುಗೆ ಮಾಡಿದ್ದು?"

"ಹೂಂ. ಏನೇ, ಕೂತೇಬಿಟ್ಟಿದ್ದೀಯಲ್ಲ ಅಂದ್ರು. ಬಸ್ ಓಡಿಸ್ತಿದ್ದೀನಿ ಅಂದೆ."

ಸೊಸೆ ನಗು ತಡೆಯಲಾರದೆ ಪ್ಯಾಕೆಟ್ ಎತ್ತಿಕೊಂಡಳು. ಅತ್ತೆಯ ತೋಳು ಹಿಡಿದು ಮೆಟ್ಟಿಲಿಳಿಸಿದಳು.

"ನಿಮಗೇನು ಬೇಕು ಮೇಡಂ?" ಅಂಗಡಿಯವನು ಕೇಳಿದ.

ಟೀಚರಮ್ಮ ಈ ಸಲ ದನಿ ತಗ್ಗಿಸಲಿಲ್ಲ.

"ಆ ಅತ್ತೆ ಪಾಸು ಮಾಡಿದ್ರಲ್ಲ, ಅದನ್ನೇ ಕೊಡಿ."